ಕೀಳದೆ ಉಳಿದ ಹಲ್ಲುಗಳು

ಸರ್ಕಾರಿ ಆಸ್ಪತ್ರೆಯ ದಂತ ವಿಭಾಗಕ್ಕೆ ಹೊಸದಾಗಿ ನೇಮಕಗೊಂಡು ಬರುವ ಕಿರಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪಠ್ಯಪುಸ್ತಕದಲ್ಲಿ ಇರುವುದನ್ನು ನಾನು ಮತ್ತೆ ಬರೆಯಬೇಕಾಗಿಲ್ಲ. ನನಗೆ ಯಾವಾಗ ಯಾವ ಬಡ್ತಿ ದೊರೆಯಿತೆಂಬುದು ನಿಮಗೆ ಬೇಕಾಗಿಲ್ಲ. ರೋಗಿಗಳ ಮೇಲೆ ಬಗ್ಗಿ ನಿಂತು ನಿಂತು ಬೆನ್ನು ಕೆಟ್ಟು, ಅವಧಿಗೆ ಮೊದಲೇ ಕೆಲಸ ಬಿಟ್ಟವನು ನಾನು. ಎಷ್ಟು ಹಲ್ಲು ಕಿತ್ತಿರಬಹುದೆಂದು ನೆಂಟರು ಈಗಲೂ ಕೇಳುತ್ತಾರೆ. ಅದನ್ನು ನಾನು ಲೆಕ್ಕ ಇಟ್ಟಿಲ್ಲ. ಕೀಳಬೇಕೆಂದು ತೀರ್ಮಾನವಾಗಿದ್ದು ಕೊನೆಗೆ ಕೀಳದೆ ಉಳಿದ ಒಂದು ಬಾಯಿ ತುಂಬ ಹಲ್ಲುಗಳು ಮಾತ್ರ ಚೆನ್ನಾಗಿ ನೆನಪಿವೆ. ಅವು ಶ್ರೀನಿವಾಸಪುರದ ಕಡೆಯ ರತ್ನಮ್ಮ ಎಂಬ ಹೆಣ್ಣುಮಗಳವು. ಆಕೆಗೆ ಆಗ ಇನ್ನೂ ಇಪ್ಪತ್ತೆರಡರ ಆಸುಪಾಸು. ಆ ವಯಸ್ಸಿನಲ್ಲಿ ಆಕೆ ಬೋಳು ಬಾಯಿಯವಳಾಗುತ್ತಾಳೋ ಇಲ್ಲವೋ ಎಂಬುದು ಒಂದು ಮಾವಿನ ಕಾಲದುದ್ದಕ್ಕೂ ನನ್ನನ್ನು ಕಾಡಿದ ಪ್ರಶ್ನೆ.

ಅಲ್ಲಿಗೆ ಬರುವ ಮೊದಲು ಕೆಲಸದ ರೀತಿಯನ್ನು ಹೇಳಬೇಕು.

ದಂತವೈದ್ಯ ಕಾಲೇಜಿನಲ್ಲಿ ಸೀಟು ಸಿಗುವ ತನಕ ನಾನು ಮುಳಬಾಗಿಲು ತಾಲ್ಲೂಕಿನ ಒಂದು ಮಾಧ್ಯಮಿಕ ಶಾಲೆಯಲ್ಲಿ ಮೇಷ್ಟರಾಗಿದ್ದೆ. ಮಕ್ಕಳು ಬೆನ್ನ ಹಿಂದೆ ನನ್ನನ್ನು ‘ಒತ್ತಕ್ಷರದ ಮೇಷ್ಟ್ರು’ ಎನ್ನುತ್ತಿದ್ದರು. ಅದು ನನಗೆ ಬೇಸರ ತರಲಿಲ್ಲ. ಒಂದು ಒತ್ತಕ್ಷರ ಬಿಡಲು, ಅರ್ಧ ಉತ್ತರ ಹೇಳಿ ಕುಳಿತುಕೊಳ್ಳಲು ನಾನು ಯಾರನ್ನೂ ಬಿಡುತ್ತಿರಲಿಲ್ಲ. ಕರ್ತೃ, ಕರ್ಮ, ಕ್ರಿಯಾಪದ ಮೂರೂ ಬರುವವರೆಗೆ ಹುಡುಗ ನಿಂತಿರಬೇಕು, ನಾನೂ ಅವನ ಎದುರಿಗೆ ನಿಂತಿರಬೇಕು. ಈ ಅಭ್ಯಾಸ ವೃತ್ತಿ ಬದಲಾದರೂ ಹೋಗಲಿಲ್ಲ. ಸಹೋದ್ಯೋಗಿಗಳು ನಗುತ್ತಿದ್ದರು. ಆದರೆ ಒಂದೆರಡು ಕಡೆ ಇಕ್ಕಳ, ಸೂಜಿಗಳಿಗಿಂತ ಇದೇ ನನಗೆ ಹೆಚ್ಚು ಉಪಯೋಗಕ್ಕೆ ಬಂದಿತು.

ಕೋಲಾರದ ದೊಡ್ಡಾಸ್ಪತ್ರೆ ನನ್ನ ಮುಖ್ಯ ಸ್ಥಳ. ವಾರಕ್ಕೊಂದೊಂದು ದಿನ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಿಗೆ ಹೋಗಬೇಕಾಗಿತ್ತು. ಉಪಕರಣಗಳ ತಗಡಿನ ಪೆಟ್ಟಿಗೆಯನ್ನು ಬಸ್ಸಿನ ಟಾಪಿಗೆ ಹಾಕಿ, ಅಟೆಂಡರ್ ಗೋಪಾಲಪ್ಪನೂ ನಾನೂ ಹೊರಡುತ್ತಿದ್ದೆವು. ತಾಲ್ಲೂಕು ಆಸ್ಪತ್ರೆಗಳಲ್ಲಿ ವಿದ್ಯುತ್ತನ್ನು ನಂಬುವಂತಿರಲಿಲ್ಲ. ಹಲ್ಲು ಕೊರೆಯುವ ಯಂತ್ರವನ್ನು ಕಾಲಿನಿಂದ ತುಳಿಯಬೇಕು. ನಾನು ಬಾಯಿಯೊಳಗೆ ಕೊರೆಯುತ್ತಿದ್ದರೆ ಗೋಪಾಲಪ್ಪ ಪಕ್ಕದಲ್ಲಿ ನಿಂತು ತುಳಿಯುತ್ತಿದ್ದ. “ಇದೇ ಕಾಲಲ್ಲಿ ಹೊಲಿಗೆ ಮಿಷನ್ನು ತುಳಿದಿದ್ರೆ ಇಷ್ಟೊತ್ಗೆ ಎರಡು ಜುಬ್ಬ ಆಗಿರೋದು ಸಾರ್” ಎಂದು ಅವನು ಗೊಣಗಿದಾಗ, ಬಾಯಿ ತೆರೆದು ಕುಳಿತ ರೋಗಿಯೂ ನಗಲು ಹೋಗಿ ಕಷ್ಟಪಟ್ಟದ್ದುಂಟು.

ಆ ದಿನಗಳಲ್ಲಿ ವಸಡಿನ ರೋಗಕ್ಕೆ ನಮ್ಮ ಕಡೆ ಇದ್ದ ಚಿಕಿತ್ಸೆ ಒಂದೇ: ಕೀಳುವುದು. ವಸಡು ಊದಿದೆಯೇ, ರಕ್ತ ಬರುತ್ತಿದೆಯೇ, ಕೀವು ಇದೆಯೇ, ಹಲ್ಲು ಅಲುಗಾಡುತ್ತಿದೆಯೇ. ‘ಪಯೋರಿಯಾ’ ಎಂದು ಚೀಟಿಯಲ್ಲಿ ಬರೆದು ಕಿತ್ತುಬಿಡುವುದು. ಹಲ್ಲಿನ ಬುಡಕ್ಕೆ ಗಟ್ಟಿಯಾಗಿ ಕಟ್ಟಿದ ಕಿಟ್ಟವನ್ನು ಕೈ ಉಪಕರಣದಿಂದ ಕೆರೆದು ತೆಗೆದು, ವಸಡನ್ನು ವಾಸಿಯಾಗಲು ಬಿಟ್ಟು, ಮತ್ತೆ ಮತ್ತೆ ಕರೆಸಿ ನೋಡುವ ಪದ್ಧತಿಯನ್ನು ನಾನು ಕಾಲೇಜಿನಲ್ಲಿ ಕಲಿತಿದ್ದೆ. ಆದರೆ ಹಳ್ಳಿಯಿಂದ ಬಸ್ಸು ಹಿಡಿದು ಬಂದವರಿಗೆ “ಮುಂದಿನ ವಾರ ಬನ್ನಿ” ಎಂದರೆ ಅವರು ಬರುತ್ತಿರಲಿಲ್ಲ. ಕಿತ್ತರೆ ಕೆಲಸ ಮುಗಿಯಿತು; ಅವರಿಗೂ ಸಮಾಧಾನ, ನಮಗೂ ಸಮಾಧಾನ.

ನನ್ನ ಮೇಲಧಿಕಾರಿಗಳಾಗಿದ್ದ ಜಿಲ್ಲಾ ಸರ್ಜನ್ನರು ಈ ಪದ್ಧತಿಯ ದೃಢ ಭಕ್ತರು. ಅವರ ಕೈಗುಣ ದೊಡ್ಡದು. ಹೊಟ್ಟೆ ಕೊಯ್ದು ಎಷ್ಟೋ ಜನರನ್ನು ಬದುಕಿಸಿದವರು. ಅವರ ವಿಷಯದಲ್ಲಿ ನನಗೆ ಇಂದಿಗೂ ಗೌರವವಿದೆ. ಆದರೆ ಅವರು ವೈದ್ಯಕೀಯ ಓದಿದ ಕಾಲದಲ್ಲಿ ಹಲ್ಲಿನ ಕೀವು ರಕ್ತಕ್ಕೆ ಸೇರಿ ದೇಹದ ಸಕಲ ರೋಗಗಳನ್ನೂ ತರುತ್ತದೆಂಬ ಪಾಠವಿತ್ತು. ಮನಸ್ಸಿನ ರೋಗವೂ ಅಲ್ಲಿಂದಲೇ ಬರುತ್ತದೆಂದು ಅವರ ಗುರುಗಳು ಹೇಳಿದ್ದರಂತೆ. “ಯಾವನಿಗೆ ತಲೆ ಕೆಟ್ಟಿದೆಯೋ ಅವನ ಬಾಯಿ ನೋಡ್ರೀ. ಬಾಯಿ ಕ್ಲೀನ್ ಮಾಡಿದ್ರೆ ತಲೆ ತಾನಾಗಿ ಸರಿಹೋಗುತ್ತೆ” ಎನ್ನುತ್ತಿದ್ದರು. ಕ್ಲೀನ್ ಮಾಡುವುದೆಂದರೆ ಅವರ ಭಾಷೆಯಲ್ಲಿ ಎಲ್ಲವನ್ನೂ ಕಿತ್ತುಹಾಕುವುದು.

ಮನಸ್ಸಿಗೂ ವಸಡಿಗೂ ಸಂಬಂಧವಿದೆ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಹೀಗೆ, ಅವರ ಬಾಯಿಂದಲೇ. ಸಂಬಂಧವಿರುವುದು ನಿಜವೆಂದು ತಿಳಿಯಲು ನನಗೆ ಕೆಲವು ವರ್ಷ ಬೇಕಾಯಿತು. ಅದು ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ಹರಿಯುತ್ತದೆಂಬುದರಲ್ಲಿ ಮಾತ್ರ ಅವರಿಗೂ ನನಗೂ ಭಿನ್ನಾಭಿಪ್ರಾಯ.

ನನ್ನ ಕಣ್ಣು ತೆರೆಸಿದವನು ನಂಗಲಿಯ ಲಾರಿ ಡ್ರೈವರ್ ಚಲಪತಿ. ಮುಳಬಾಗಿಲಿನ ಸರದಿಯ ದಿನ ಅವನು ಬರುತ್ತಿದ್ದ. ಹಲ್ಲಿನ ಸಂದುಗಳಲ್ಲಿ ವಸಡಿನ ತುದಿ ಕೊಳೆತು ಬೂದುಬಣ್ಣಕ್ಕೆ ತಿರುಗಿರುತ್ತಿತ್ತು. ಮುಟ್ಟಿದರೆ ರಕ್ತ, ಒಂದು ಮಾರು ದೂರಕ್ಕೆ ವಾಸನೆ. ಔಷಧದ ನೀರಿನಲ್ಲಿ ತೊಳೆದು, ಮಾತ್ರೆ ಕೊಟ್ಟು ಕಳಿಸಿದರೆ ವಾರದಲ್ಲಿ ವಾಸಿ. ಕೆಲವು ತಿಂಗಳು ಕಳೆದು ಮತ್ತೆ ಅದೇ ಬಾಯಿ ಹೊತ್ತು ಪ್ರತ್ಯಕ್ಷ. ಇದು ಹೀಗೇ ನಡೆಯಿತು. ಒಮ್ಮೆ ನಾನು ಮೇಷ್ಟರ ಅಭ್ಯಾಸದಂತೆ, ನೋವು ಶುರುವಾಗುವ ಮೊದಲಿನ ನಾಲ್ಕಾರು ದಿನ ಏನೇನು ಮಾಡಿದೆ, ಒಂದೂ ಬಿಡದೆ ಹೇಳು ಎಂದು ನಿಂತೆ. ನಿದ್ದೆ ಬರಲಿಲ್ಲ ಎಂದ. ಏಕೆ? ಬೀಡಿ ಜಾಸ್ತಿ ಸೇದಿದೆ ಎಂದ. ಅದೇಕೆ? ಗೋಪಾಲಪ್ಪನ ಕಡೆ ನೋಡಿ, ಧ್ವನಿ ತಗ್ಗಿಸಿ, “ಚಿತ್ತೂರು ಕೋರ್ಟಲ್ಲಿ ವಾಯಿದೆ ಇತ್ತು ಸಾರ್” ಎಂದ. ಗಡಿಯಾಚೆ ಅವನ ಲಾರಿಗೆ ಒಬ್ಬ ಸೈಕಲ್ಲಿನವನು ಸಿಕ್ಕು ಕಾಲು ಕಳೆದುಕೊಂಡಿದ್ದ, ಮೊಕದ್ದಮೆ ನಡೆಯುತ್ತಿತ್ತು. ಹಿಂದಿನ ಸಲ ಬಂದಾಗಲೂ ವಾಯಿದೆ ಇತ್ತೇ ಎಂದು ಕೇಳಿದೆ. ಅವನು ಬೆರಳು ಮಡಚಿ ಎಣಿಸಿ, “ಅಯ್ಯೋ, ಹೂಂ ಸಾರ್. ಅದಕ್ಕೂ ಮುಂಚೇನೂ ಇತ್ತು. ಚಿಗುಳ್ಳಿಗೂ ಜಡ್ಜಿಗೂ ಏನು ಸಂಬಂಧ ಸಾರ್?” ಎಂದ. ನಮ್ಮ ಗಡಿಯ ಕಡೆ ವಸಡನ್ನು ತೆಲುಗಿನ ಹೆಸರಿನಿಂದ ಹಾಗೆ ಕರೆಯುತ್ತಾರೆ.

ಸಂಬಂಧವನ್ನು ಅವನಿಗೆ ವಿವರಿಸಲು ನನಗೆ ಆಗ ಬರಲಿಲ್ಲ. ಆತಂಕದಲ್ಲಿ ನಿದ್ದೆಗೆಟ್ಟು, ಊಟ ಬಿಟ್ಟು, ಬೀಡಿ ಹೆಚ್ಚಿಸಿ, ಹಲ್ಲುಜ್ಜುವುದನ್ನು ಮರೆತ ಬಾಯಿಯಲ್ಲಿ ರೋಗಾಣುಗಳದೇ ರಾಜ್ಯ. ಅವುಗಳನ್ನು ತಡೆಯುವ ದೇಹದ ಶಕ್ತಿಯೂ ಆ ದಿನಗಳಲ್ಲಿ ಕುಗ್ಗಿರುತ್ತದೆ ಎಂದು ಈಗಾದರೆ ಹೇಳುತ್ತಿದ್ದೆ. ಮುಂದಿನ ವಾಯಿದೆಗೆ ಮೊದಲೇ ಬಂದು ಹಲ್ಲು ತೊಳೆಸಿಕೊಂಡು ಹೋಗುವಂತೆ ಹೇಳಿದೆ. ಹಾಗೇ ಮಾಡಿದ. ಮೊಕದ್ದಮೆ ರಾಜಿಯಲ್ಲಿ ಮುಗಿದ ಮೇಲೆ ಅವನು ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ.

ವಿರುದ್ಧ ದಿಕ್ಕಿನದೂ ಒಂದನ್ನು ಕಂಡೆ. ಟೇಕಲ್ಲಿನಿಂದ ಮಾಲೂರಿಗೆ ಬರುತ್ತಿದ್ದ ಬಸ್ ಕಂಡಕ್ಟರ್ ಒಬ್ಬರು ಸದಾ ಬಾಯಿಗೆ ಕರವಸ್ತ್ರ ಹಿಡಿದು ಟಿಕೆಟ್ ಕೊಡುತ್ತಿದ್ದರು. ವಸಡಿನ ಕೀವಿನಿಂದ ಬಾಯಿ ನಾರುತ್ತಿತ್ತು. ಡ್ರೈವರು ಎಲ್ಲರೆದುರು “ರೈಟ್ ಅನ್ಬೇಡ ಕಣಪ್ಪೋ, ಬರೀ ವಿಶಲ್ ಹಾಕು” ಎಂದು ಹಾಸ್ಯ ಮಾಡಿದ್ದರಂತೆ. ಆ ಒಂದು ಮಾತಿನ ನಂತರ ಅವರು ಜನರ ಜೊತೆ ಮಾತು ಬಿಟ್ಟರು, ಮದುವೆಮನೆಗಳಿಗೆ ಹೋಗುವುದನ್ನು ಬಿಟ್ಟರು, ಹೆಂಡತಿಯ ಕಡೆ ಬೆನ್ನು ಮಾಡಿ ಮಲಗತೊಡಗಿದರು. ಹಲವು ಸಲ ಕರೆಸಿ ಕಿಟ್ಟ ತೆಗೆದೆ. ವಸಡು ಗಟ್ಟಿಯಾಯಿತು, ವಾಸನೆ ಹೋಯಿತು. ಆದರೆ ಕರವಸ್ತ್ರ ಹಿಡಿದ ಕೈ ಇಳಿಯಲು ಮತ್ತೊಂದು ವರ್ಷ ಬೇಕಾಯಿತು. ಮನಸ್ಸು ವಸಡನ್ನು ಕೆಡಿಸುತ್ತದೆ, ವಸಡು ಮನಸ್ಸನ್ನು ಕೆಡಿಸುತ್ತದೆ. ಒಂದನ್ನು ಸರಿಪಡಿಸಿದ ಕೂಡಲೇ ಮತ್ತೊಂದು ಸರಿಹೋಗುತ್ತದೆಂಬ ಭರವಸೆ ಇಲ್ಲ. ಇಷ್ಟು ತಿಳಿದುಕೊಂಡಿದ್ದಾಗ ರತ್ನಮ್ಮ ಬಂದಳು.

ಆಕೆಯನ್ನು ಕರೆತಂದವರು ಅತ್ತೆ ವೆಂಕಟಮ್ಮನವರು. ಶ್ರೀನಿವಾಸಪುರದಿಂದ ಒಂದು ಗಳಿಗೆಯ ನಡಿಗೆಯ ಹಳ್ಳಿ. ರಾಗಿ ಹೊಲ, ಹಿಪ್ಪುನೇರಳೆ ತೋಟ, ರೇಷ್ಮೆಹುಳು ಸಾಕಣೆಯ ಮನೆತನ. ಸೊಸೆ ಬೆಳಿಗ್ಗೆ ಉಗುಳಿದರೆ ರಕ್ತ ಬರುತ್ತಿದ್ದುದರಿಂದ ಊರಿನಲ್ಲಿ ಕ್ಷಯವೆಂದು ಆಡಿಕೊಂಡಿದ್ದರು. ಕಫ ಪರೀಕ್ಷೆಯಲ್ಲಿ ಏನೂ ಕಾಣದೆ, ಅಲ್ಲಿನ ವೈದ್ಯಾಧಿಕಾರಿ ನನ್ನ ಬಳಿಗೆ ಕಳಿಸಿದ್ದರು. ಬೇಸಿಗೆ ಆಗಷ್ಟೇ ಕಾಲಿಟ್ಟಿತ್ತು. ಆ ಬಿಸಿಲಿನಲ್ಲಿಯೂ ಆಕೆ ತಲೆಗೆ ಬಟ್ಟೆ ಬಿಗಿದು ಕಟ್ಟಿಕೊಂಡಿದ್ದಳು. ಬಾಯಿ ತೆರೆಯುವಂತೆ ಹೇಳಿದೆ. ಎರಡೂ ಸಾಲಿನ ಹಲ್ಲುಗಳ ಬುಡದಲ್ಲಿ ಹಳದಿ ಪಾಚಿ ದಪ್ಪಗೆ ಕಟ್ಟಿತ್ತು. ವಸಡು ಊದಿ, ನೇರಳೆ ಬಣ್ಣಕ್ಕೆ ತಿರುಗಿ, ಹತ್ತಿಯ ಸ್ಪರ್ಶಕ್ಕೇ ರಕ್ತ ಸುರಿಸುತ್ತಿತ್ತು. ಕೆಳಗಿನ ಮುಂಭಾಗದ ಹಲ್ಲುಗಳು ಅಲುಗಾಡುತ್ತಿದ್ದವು.

ವೆಂಕಟಮ್ಮನವರಿಗೆ ಒಂದು ಸಂಕಟವಿತ್ತು. ವಾಸನೆ ತಾಕಿದರೆ ರೇಷ್ಮೆಹುಳು ಸೊಪ್ಪು ತಿನ್ನುವುದನ್ನು ಬಿಡುತ್ತದೆಂಬುದು ಸಾಕಣೆಯವರ ಗಟ್ಟಿ ನಂಬಿಕೆ. ಹಾಗಾಗಿ ಸೊಸೆಯನ್ನು ಹುಳುವಿನ ಮನೆಯೊಳಗೆ ಬಿಡುವಂತಿರಲಿಲ್ಲ. ಹಿಂದೆ ಹುಳುವಿನ ತಟ್ಟೆಗೆ ಸೊಪ್ಪು ಹಾಕುವುದರಲ್ಲಿ ಆಕೆಯ ಸಮ ಯಾರೂ ಇರಲಿಲ್ಲವಂತೆ. ಈಗ ಮೂಲೆಯಲ್ಲಿ ಕುಳಿತರೆ ಕುಳಿತೇ ಇರುತ್ತಾಳೆ, ಕರೆದರೆ ಏಳುತ್ತಾಳೆ, ಕೊಟ್ಟರೆ ಉಣ್ಣುತ್ತಾಳೆ ಎಂದರು. ನಾನು ಕಿಟ್ಟ ತೆಗೆದು, ದಿನವೂ ಬೇವಿನ ಕಡ್ಡಿಯಿಂದ ಮೆತ್ತಗೆ ಉಜ್ಜುವಂತೆ, ಉಪ್ಪುನೀರಿನಿಂದ ಬಾಯಿ ಮುಕ್ಕಳಿಸುವಂತೆ ಹೇಳಿ ಕಳಿಸಿದೆ. ಆಕೆ ಪ್ರತಿಯೊಂದು ಮಾತಿಗೂ ತಲೆಯಾಡಿಸಿದಳು.

ಮುಂದಿನ ಸರದಿಗೆ ಬಂದಾಗ ಪಾಚಿ ಹಾಗೇ ಕಟ್ಟಿತ್ತು. ಮತ್ತೆ ತೆಗೆದೆ, ಮತ್ತೆ ಹೇಳಿದೆ. ಮತ್ತೊಂದು ಸರದಿಗೂ ಅದೇ. ಉಜ್ಜುತ್ತಿದ್ದೀಯಾ ಎಂದರೆ ತಲೆಯಾಡಿಸುತ್ತಿದ್ದಳು. ಅದು ಹೌದೋ ಅಲ್ಲವೋ ತಿಳಿಯುತ್ತಿರಲಿಲ್ಲ. ಅತ್ತೆ ಮಾತ್ರ, “ಹೇಳಿದ್ದು ಮಾಡ್ತಾಳೆ ಸಾಮಿ, ಒಂದಕ್ಕೂ ಎದುರು ಮಾತಿಲ್ಲ. ನಮ್ಮ ಹಣೆಬರ, ಏಂ ಚೇಸೇದಿ, ಏನ್ ಮಾಡೋದು” ಎನ್ನುತ್ತಿದ್ದರು.

ವಸಡು ಇಳಿಯದೆ, ಒಂದು ಕಡೆ ಕೀವು ಕಟ್ಟಿದ್ದರಿಂದ ಆಕೆಯನ್ನು ಕೋಲಾರಕ್ಕೆ ಕರೆಸಿಕೊಂಡು ಸರ್ಜನ್ನರಿಗೆ ತೋರಿಸಿದೆ. ಅವರು ಬಾಯಿ ನೋಡಿದರು, ಮಂಕು ಹಿಡಿದ ಮುಖ ನೋಡಿದರು. ಅವರ ಸಿದ್ಧಾಂತಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾಗಿರಲಿಲ್ಲ. ಕೀವೇ ತಲೆಗೇರಿದೆ, ಎಲ್ಲವನ್ನೂ ಕಿತ್ತು ಕಟ್ಟುಹಲ್ಲು ಹಾಕಿಸಿ, ಹೆಣ್ಣು ಲವಲವಿಕೆಯಿಂದ ಓಡಾಡುತ್ತಾಳೆ ಎಂದರು. ಆಕೆಯ ಗಂಡ ಶ್ರೀರಾಮಪ್ಪ ಬಾಗಿಲಲ್ಲಿ ನಿಂತಿದ್ದ. ದೊಡ್ಡ ಡಾಕ್ಟರು ಹೇಳಿದ ಮೇಲೆ ಆಗಲಿ ಎಂದ. ವೆಂಕಟಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಒಪ್ಪಿಗೆಯ ಹೆಬ್ಬೆಟ್ಟೂ ಬಿದ್ದಿತು.

ನಾನು ರತ್ನಮ್ಮನನ್ನೇ ಕೇಳಿದೆ. ಅಷ್ಟು ದಿನಗಳಲ್ಲಿ ನಾನು ಕೇಳಿದ ಆಕೆಯ ಮೊದಲ ಪೂರ್ಣ ವಾಕ್ಯ ಅಂದು ಹೊರಬಿತ್ತು.

“ಕಿತ್ತಾಕ್ಬಿಡಿ ಸಾರ್. ನಂಗ್ಯಾತಕ್ಕೆ ಹಲ್ಲು?”

ಕೀಳುತ್ತೇನೆಂದರೆ ಅಳುವವರನ್ನು ನೋಡಿದ್ದೆ, ಓಡಿಹೋಗುವವರನ್ನು ನೋಡಿದ್ದೆ, ನನ್ನ ಕೈ ಕಚ್ಚಿದವರನ್ನೂ ನೋಡಿದ್ದೆ. ಇಷ್ಟು ಎಳೆಯ ವಯಸ್ಸಿನಲ್ಲಿ, ಹಳೆಯ ಬಟ್ಟೆ ಕೊಡುವಂತೆ ಹಲ್ಲುಗಳನ್ನು ಕೊಡಲು ಬಂದವರನ್ನು ನೋಡಿರಲಿಲ್ಲ. ನನಗೆ ಭಯವಾಯಿತು. ಹಲ್ಲು ಕಿತ್ತರೆ ಈಕೆ ಗುಣವಾಗುವುದಿಲ್ಲ, ಇರುವುದನ್ನೂ ಕಳೆದುಕೊಳ್ಳುತ್ತಾಳೆ ಎನಿಸಿತು. ಸರ್ಜನ್ನರ ಕೋಣೆಗೆ ಹೋಗಿ ಕಾಲಾವಕಾಶ ಬೇಡಿದೆ. ನನ್ನ ಬಳಿ ವಾದವೇನೂ ಇರಲಿಲ್ಲ. ರೋಗ ಬಾಯಿಂದ ತಲೆಗೆ ಹೋಗಿದೆಯೋ, ತಲೆಯಿಂದ ಬಾಯಿಗೆ ಬಂದಿದೆಯೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ ಎಂದಷ್ಟೇ ಹೇಳಿದೆ. ಅವರು ಕನ್ನಡಕದ ಮೇಲಿನಿಂದ ನೋಡಿದರು.

“ಮೇಷ್ಟ್ರೇ, ಇದು ನಿಮ್ಮ ಸಂಧಿ ಸಮಾಸ ಅಲ್ಲ, ಕೀವು. ಇರ್ಲಿ, ಮಾವಿನಕಾಯಿ ಮುಗಿಯೋವರ್ಗೂ ಟೈಮ್ ಕೊಡ್ತೀನಿ. ಆಮೇಲೆ ನೀವು ಕೀಳ್ದೆ ಇದ್ರೆ ನಾನೇ ಕೀಳ್ತೀನಿ.”

ಶ್ರೀನಿವಾಸಪುರದ ಕಡೆ ಮಾವಿನ ಕಾಲವೇ ಪಂಚಾಂಗ. ಆಗ ಕಾಯಿಗಳು ಇನ್ನೂ ನಿಂಬೆಯ ಗಾತ್ರದಲ್ಲಿದ್ದವು.

ಮುಂದಿನ ಸರದಿಯ ದಿನ ಉಳಿದ ರೋಗಿಗಳನ್ನೆಲ್ಲ ನೋಡಿ ಮುಗಿಸಿ, ಕೊನೆಯಲ್ಲಿ ಆಕೆಯನ್ನು ಕರೆದೆ. ಉಪಕರಣಗಳನ್ನು ಬಟ್ಟೆಯಿಂದ ಮುಚ್ಚುವಂತೆ ಗೋಪಾಲಪ್ಪನಿಗೆ ಹೇಳಿದೆ. ಆಕೆಯನ್ನು ಚಿಕಿತ್ಸೆಯ ಕುರ್ಚಿಯಲ್ಲಿ ಕೂರಿಸದೆ ಬೆಂಚಿನ ಮೇಲೆ ಅತ್ತೆಯ ಪಕ್ಕದಲ್ಲಿ ಕೂರಿಸಿದೆ. ಉಜ್ಜುತ್ತೀಯಾ ಎಂದು ಕೇಳುವುದನ್ನು ಬಿಟ್ಟು, ಬೆಳಿಗ್ಗೆ ಎದ್ದಾಗಿನಿಂದ ನೀನು ಮಾಡುವುದನ್ನೆಲ್ಲ ಹೇಳು ಎಂದೆ. ಎದ್ದು ಮುಖ ತೊಳೆಯುತ್ತೇನೆ ಎಂದಳು. ಯಾವುದರಲ್ಲಿ? ಬಿಸಿನೀರಿನಲ್ಲಿ. ಈ ಬೇಸಿಗೆಯಲ್ಲಿ ಬಿಸಿನೀರೇ? ತಲೆಯಾಡಿಸಿದಳು. ಏನು ಊಟ ಮಾಡುತ್ತೀ? ಅನ್ನ, ಮೆಣಸಿನ ಸಾರು. ಸೊಪ್ಪು, ತರಕಾರಿ, ಹಣ್ಣು? ಇಲ್ಲ. ಆಗ ತಲೆಗೆ ಕಟ್ಟಿದ ಬಟ್ಟೆ ಸ್ವಲ್ಪ ಸರಿದು ಕಿವಿ ಕಾಣಿಸಿತು. ಕಿವಿಯಲ್ಲಿ ಹತ್ತಿ ಇತ್ತು. ಕಿವಿನೋವೇ ಎಂದು ಕೇಳಿದೆ. ಅಲ್ಲ ಎಂದಳು. ಮತ್ತೆ ಹತ್ತಿ ಏಕಮ್ಮ? ನಾನು ಕಾದೆ. ಹೊರಗೆ ನಾವು ಹಿಡಿಯಬೇಕಾದ ಬಸ್ಸು ಹಾರನ್ ಮಾಡುತ್ತಿತ್ತು. ಅದು ಹೋಗಲಿ ಎಂದು ಗೋಪಾಲಪ್ಪನಿಗೆ ಸನ್ನೆ ಮಾಡಿದೆ.

“ಬಾಣಂತಿ ಕಡ್ಡಿ ಹಾಕ್ಬಾರ್ದು ಸಾರ್. ಹಲ್ಲು ಸಡ್ಲ ಆಗ್ತವೆ. ತಣ್ಣೀರು ಮುಟ್ಬಾರ್ದು. ಗಾಳಿಗೆ ಕಿವಿ ಬಿಡ್ಬಾರ್ದು” ಎಂದಳು ರತ್ನಮ್ಮ.

ನಾನು ವೆಂಕಟಮ್ಮನವರ ಮುಖ ನೋಡಿದೆ. ಅವರು ಸೊಸೆಯ ಮುಖ ನೋಡುತ್ತಿದ್ದರು. ಆಗ ಅವರು ಹೇಳಿದ್ದು: ಹಿಂದಿನ ದೀಪಾವಳಿಯ ಹೊತ್ತಿಗೆ ರತ್ನಮ್ಮ ಚೊಚ್ಚಲು ಹೆತ್ತಿದ್ದಳು. ಹೆಣ್ಣು ಮಗು. ವಾರ ಉಳಿಯಲಿಲ್ಲ. ತವರಿನಲ್ಲಿ ತಾಯಿ ಇಲ್ಲದಿದ್ದುದರಿಂದ ಹೆರಿಗೆ, ಬಾಣಂತನ ಎಲ್ಲವೂ ಅತ್ತೆಯ ಮನೆಯಲ್ಲೇ.

“ಬಾಣಂತನ ಎಂದೋ ಮುಗಿದಿರಬೇಕಲ್ಲಮ್ಮ” ಎಂದು ನಾನು ರತ್ನಮ್ಮನಿಗೆ ಹೇಳಿದೆ.

“ಯಾರೂ ಮುಗಿಸ್ಲಿಲ್ಲ ಸಾರ್” ಎಂದಳು.

ಓದುವ ಕಿರಿಯರಲ್ಲಿ ಪಟ್ಟಣದವರೂ ಇರುವುದರಿಂದ ಇಲ್ಲಿ ಒಂದು ವಿವರಣೆ ಅಗತ್ಯ. ನಮ್ಮ ಕಡೆ ಬಾಣಂತನವು ದಿನ ಕಳೆದ ಮಾತ್ರಕ್ಕೆ ಮುಗಿಯುವುದಿಲ್ಲ. ಗಂಗೆಪೂಜೆ ಆಗಬೇಕು. ಬಾಣಂತಿಗೆ ಮಡಿಲು ತುಂಬಿ, ಮಗುವಿನೊಂದಿಗೆ ಬಾವಿಯ ಬಳಿಗೆ ಕರೆದೊಯ್ದು, ಅರಿಸಿನ ಕುಂಕುಮ ಇಟ್ಟು ಪೂಜೆ ಮಾಡಿಸಿ, ಆಕೆಯ ಕೈಯಿಂದ ಒಂದು ಬಿಂದಿಗೆ ನೀರು ಸೇದಿಸುತ್ತಾರೆ. ಅಲ್ಲಿಂದ ಆಕೆ ಎಲ್ಲರಂತೆ ತಣ್ಣೀರು ಮುಟ್ಟುತ್ತಾಳೆ, ಎಲ್ಲವನ್ನೂ ತಿನ್ನುತ್ತಾಳೆ, ಕಡ್ಡಿ ಹಾಕಿ ಹಲ್ಲುಜ್ಜುತ್ತಾಳೆ, ಕೆಲಸಕ್ಕೆ ಇಳಿಯುತ್ತಾಳೆ. ಮಗುವೇ ಇಲ್ಲದ ಬಾಣಂತಿಗೆ ಇದನ್ನು ಮಾಡಿಸುವುದು ಹೇಗೆಂದು ಆ ಮನೆಯವರಿಗೆ ತೋಚಲಿಲ್ಲ. ಸುಮ್ಮನಾದರು. ಪಥ್ಯದ ಊಟವನ್ನು ನಿಲ್ಲಿಸಿ ಎಲ್ಲರ ಊಟ ಬಡಿಸಿದರೆ ಮಗುವಿನ ನೆನಪು ಕೆದಕಿದಂತಾಗುತ್ತದೆಂದು ಅದನ್ನೂ ನಿಲ್ಲಿಸಲಿಲ್ಲ. ಮಗುವಿನ ಮಾತನ್ನೇ ಯಾರೂ ಎತ್ತಲಿಲ್ಲ. ಎಲ್ಲವೂ ಕರುಣೆಯಿಂದಲೇ ನಡೆಯಿತು. ರತ್ನಮ್ಮ ಮಾತ್ರ ಮುಗಿಯದ ಬಾಣಂತನದೊಳಗೆ ಕುಳಿತೇ ಇದ್ದಳು. ಬಸುರಿನಲ್ಲಿಯೇ ಊದುವ ಸ್ವಭಾವದ ವಸಡು, ಉಜ್ಜದ ಹಲ್ಲು, ಹಸಿರು ಕಾಣದ ಊಟ, ನಿದ್ದೆಯಿಲ್ಲದ ದುಃಖ: ಬಾಯಿ ಹಾಗಾದುದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಬಾಯಿ ನಾರಿದ ಮೇಲೆ ಹುಳುವಿನ ಮನೆಯೂ ಮುಚ್ಚಿತು. ಆಕೆಗೆ ಉಳಿದದ್ದು ಮೂಲೆ.

ವೆಂಕಟಮ್ಮನವರು ನನ್ನನ್ನು ಕೇಳಿದರು, “ಮಡ್ಲು ಖಾಲಿ ಇಟ್ಕೊಂಡು ಬಾವಿ ತಾವ ಹೋದ್ರೆ ಜನ ಏನಂತಾರೆ ಸಾಮಿ?”

ಜನ ಏನನ್ನುತ್ತಾರೋ ನನಗೆ ತಿಳಿಯದು ಎಂದೆ. ಪೂಜೆ ಮಾಡಿಸಿ ಎಂದು ಹೇಳುವ ಅಧಿಕಾರ ದಂತವೈದ್ಯನಿಗಿಲ್ಲ. ಈಕೆ ಹಲ್ಲುಜ್ಜದಿದ್ದರೆ ಕೀಳಬೇಕಾಗುತ್ತದೆ, ಬಾಣಂತನ ಮುಗಿಯದೆ ಈಕೆ ಉಜ್ಜುವುದಿಲ್ಲ, ಅದನ್ನು ಮುಗಿಸುವ ಹಕ್ಕು ನಿಮ್ಮದು. ಇಷ್ಟು ಮಾತ್ರ ಹೇಳಿದೆ.

ಅವರು ಮುಗಿಸಿದರು. ಆ ದಿನ ಏನು ನಡೆಯಿತೆಂಬುದನ್ನು ಅವರೇ ಮುಂದೆ ನನಗೆ ಹೇಳಿದರು. ತೋಟದ ಬಾವಿಗೆ ಸೊಸೆಯನ್ನು ಕರೆದುಕೊಂಡು ಹೊರಟಾಗ ನೆರೆಯಾಕೆಯೊಬ್ಬಳು ಅಡ್ಡ ನಿಂತು, ಕೂಸಿಲ್ಲದೋಳಿಗೆ ಎಂಥ ಗಂಗೆಪೂಜೆ ಎಂದಳಂತೆ. ವೆಂಕಟಮ್ಮನವರು, “ಹೆತ್ತಿದ್ದು ಸುಳ್ಳೇನೇ? ನೋವು ತಿಂದಿದ್ದು ಸುಳ್ಳೇನೇ?” ಎಂದು ಕೇಳಿ ಮುಂದೆ ನಡೆದರಂತೆ. ಮಡಿಲಿಗೆ ಅಕ್ಕಿ, ಕೊಬ್ಬರಿ, ಬೆಲ್ಲ ತುಂಬಿದರು. ಪೂಜೆಯಾಗಿ ನೀರು ಸೇದಿದ ಮೇಲೆ, ಅಲ್ಲೇ ಇದ್ದ ಬೇವಿನ ಮರದಿಂದ ಕಡ್ಡಿ ಮುರಿದು, ತುದಿಯನ್ನು ತಾವೇ ಜಗಿದು ಮೆತ್ತಗೆ ಮಾಡಿ ಕೊಟ್ಟರು. ಕಡ್ಡಿ ಹಿಡಿದ ರತ್ನಮ್ಮ ಬಾವಿಯ ಕಟ್ಟೆಯ ಮೇಲೆ ಕುಳಿತು, ಮಗು ಸತ್ತಾಗಲೂ ಅಳದಷ್ಟು ಅತ್ತಳಂತೆ. ಆ ಕೂಸಿಗೆ ನಾವು ಹೆಸರೇ ಇಟ್ಟಿರಲಿಲ್ಲ ಎಂದಳಂತೆ. ಅಂದೇ ಅತ್ತೆ ಸೊಸೆ ಇಬ್ಬರೂ ಅಲ್ಲಿ ಕುಳಿತು ಅದಕ್ಕೆ ಒಂದು ಹೆಸರು ಇಟ್ಟರು. ಯಾವ ಹೆಸರೆಂದು ನಾನು ಕೇಳಲಿಲ್ಲ.

ಇಲ್ಲಿಗೆ ಎಲ್ಲವೂ ಸರಿಹೋಯಿತೆಂದು ಬರೆದರೆ ನಾನು ನಿಮ್ಮನ್ನು ದಾರಿ ತಪ್ಪಿಸಿದಂತಾಗುತ್ತದೆ. ಹಲ್ಲುಗಳು ಸ್ವಚ್ಛವಾಗತೊಡಗಿದವು, ರಕ್ತ ಕಡಿಮೆಯಾಯಿತು. ಆದರೆ ನಿದ್ದೆ ಬರಲಿಲ್ಲ, ಮುಖದ ಮಂಕು ಪೂರ್ತಿ ಬಿಡಲಿಲ್ಲ. ಬೆಂಗಳೂರಿನಿಂದ ಕೋಲಾರಕ್ಕೆ ಆಗಾಗ ಬರುತ್ತಿದ್ದ ಮನೋವೈದ್ಯರೊಬ್ಬರಿಗೆ ಆಕೆಯನ್ನು ತೋರಿಸಿದೆ. ಹುಚ್ಚಿನ ಡಾಕ್ಟರೆಂದು ಗಂಡನಿಗೆ ಅಳುಕಿತ್ತು. ಬಾಯಿಯ ಚಿಕಿತ್ಸೆಗೇ ಅವರೂ ಬೇಕೆಂದು ನಾನು ಹೇಳಿದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವರು ಬಹಳ ಹೊತ್ತು ಕೇಳಿಸಿಕೊಂಡು, ಸ್ವಲ್ಪ ಕಾಲ ನುಂಗಲು ಮಾತ್ರೆ ಕೊಟ್ಟರು. ಮಾತ್ರೆಯಿಂದ ಬಾಯಿ ಒಣಗಬಹುದು, ಒಣಗಿದ ಬಾಯಿಯಲ್ಲಿ ವಸಡು ಮತ್ತೆ ಕೆಡಬಹುದು, ನೀವು ನೋಡಿಕೊಳ್ಳಿ ಎಂದು ನನಗೆ ಎಚ್ಚರಿಕೆ ಹೇಳಿದರು. ಮಾತ್ರೆ ನುಂಗುವವರ ಬಾಯನ್ನು ಹೀಗೆ ಕಾಯಬೇಕೆಂಬುದು ನನಗೆ ಹೊಸ ಪಾಠ. ನೀವು ಇದನ್ನು ಮೊದಲ ದಿನದಿಂದಲೇ ಕಲಿತುಕೊಳ್ಳಿ. ನಾನು ಪ್ರತಿ ಸರದಿಗೂ ಕಿಟ್ಟ ತೆಗೆಯುತ್ತಾ, ನೀರು ಕುಡಿಸುತ್ತಾ ಬಂದೆ. ವಾಸನೆ ಹೋದ ಮೇಲೆ ವೆಂಕಟಮ್ಮನವರು ಆಕೆಯನ್ನು ಹುಳುವಿನ ಮನೆಗೆ ಬಿಟ್ಟುಕೊಂಡರು. ಕೆಳಗಿನ ಮುಂಭಾಗದ ಒಂದು ಹಲ್ಲನ್ನು ಉಳಿಸಲಾಗಲಿಲ್ಲ. ಅದನ್ನು ಕೀಳುವಾಗ ಆಕೆ ಕುರ್ಚಿಯ ಕೈ ಹಿಡಿದು ಕಿರುಚಿದಳು. ಆ ಕಿರುಚು ಕೇಳಿ ನನಗಾದ ನೆಮ್ಮದಿಯನ್ನು ಯಾರಿಗೂ ಹೇಳುವಂತಿರಲಿಲ್ಲ.

ಮಾವಿನ ಮಂಡಿಗಳು ಖಾಲಿಯಾಗುವ ಹೊತ್ತಿಗೆ ಆಕೆಯನ್ನು ಕೋಲಾರಕ್ಕೆ ಕರೆಸಿದೆ. ಸರ್ಜನ್ನರು ತಾವೇ ಉಪಕರಣ ಹಿಡಿದು ಮೇಲಿನ ಸಾಲನ್ನೂ ಕೆಳಗಿನ ಸಾಲನ್ನೂ ಒತ್ತಿ ನೋಡಿದರು. ವಸಡು ತೆಳು ಗುಲಾಬಿಯಾಗಿ ಹಲ್ಲನ್ನು ಬಿಗಿಯಾಗಿ ಹಿಡಿದಿತ್ತು. ರಕ್ತ ಬರಲಿಲ್ಲ. ಎರಡನೆಯ ಸಲ ಒತ್ತಿದರು, ಆಗಲೂ ಬರಲಿಲ್ಲ. ಹಲ್ಲು ಕೀಳುವ ಆದೇಶದ ಮೇಲೆ ಅಡ್ಡಗೆರೆ ಎಳೆದು, “ಸರಿ ಬಿಡಿ ಮೇಷ್ಟ್ರೇ. ಎರಡು ಕಡೆಯಿಂದಾನೂ ಹರಿಯುತ್ತೆ ಅಂತ ಇಟ್ಕೊಳ್ಳೋಣ” ಎಂದರು. ಅಂಥವರ ಬಾಯಿಂದ ಅದು ದೊಡ್ಡ ಮಾತು.

ಅವರು ಹೋದ ಮೇಲೆ ನಾನು ನನ್ನ ಪದ್ಧತಿಯಂತೆ ಮೇಲಿನ ಬಲಗಡೆಯಿಂದ ಆರಂಭಿಸಿ ಒಂದೊಂದು ಹಲ್ಲನ್ನೂ ನಾಲ್ಕು ದಿಕ್ಕುಗಳಿಂದ ಪರೀಕ್ಷಿಸಿ ಹಲ್ಲಿನ ನಕ್ಷೆಯಲ್ಲಿ ಗುರುತು ಹಾಕತೊಡಗಿದೆ. ಮೇಲಿನ ಸಾಲು ಮುಗಿದು ಕೆಳಗೆ ಬಂದಿದ್ದೆ. ರತ್ನಮ್ಮ ಕುರ್ಚಿಯಲ್ಲಿ ಎರಡು ಸಲ ಮಿಸುಕಾಡಿದಳು. ಕಿಟಕಿಯ ಕಡೆ ನೋಡಿದಳು. ಬೆಂಚಿನ ಮೇಲೆ ಕುಳಿತಿದ್ದ ಅತ್ತೆಯ ಕಡೆ ನೋಡಿದಳು. ಆಮೇಲೆ ನನ್ನ ಕೈಯನ್ನು ತಾನೇ ಪಕ್ಕಕ್ಕೆ ಸರಿಸಿ ಎದ್ದು ಕುಳಿತಳು.

“ಸಾಕು ಬಿಡಿ ಸಾರ್. ಹುಳ ಹಣ್ಣಾಗೈತೆ. ಈ ಬಸ್ಸು ತಪ್ಪಿದ್ರೆ ಮನೇಲಿರೋ ಯಾರ್ಗೂ ಚಂದ್ರಿಕೆಗೆ ನೆಟ್ಟಗೆ ಬಿಡಕ್ಕೆ ಬರಲ್ಲ. ಏಳಿ ಅತ್ತಮ್ಮ, ಕೂತ್ಕೊಂಡ್ರೆ ಕೂತೇ ಇರ್ತೀರಲ್ಲ.”

ಹಣ್ಣಾದ ಹುಳುವನ್ನು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಹೊತ್ತಿಗೆ ಸರಿಯಾಗಿ ಬಿಡದಿದ್ದರೆ ರೇಷ್ಮೆಯೆಲ್ಲ ತಟ್ಟೆಯಲ್ಲೇ ವ್ಯರ್ಥವಾಗುತ್ತದೆ. ಅದು ನನಗೂ ಗೊತ್ತಿತ್ತು. ವೆಂಕಟಮ್ಮನವರು ಗೊಣಗುತ್ತಾ ಎದ್ದರು. ಇಬ್ಬರೂ ಬಸ್ ಸ್ಟ್ಯಾಂಡಿನ ಕಡೆ ಬಿರುಸಾಗಿ ಹೋದರು. ಸೊಸೆ ಮುಂದೆ, ಅತ್ತೆ ಹಿಂದೆ. ಕೆಳಗಿನ ಸಾಲಿನ ಬಲಭಾಗವನ್ನು ಅಂದು ನಾನು ಪರೀಕ್ಷಿಸಲೇ ಇಲ್ಲ. ಆ ನಕ್ಷೆಯನ್ನು ಹಾಗೇ ಅರ್ಧಕ್ಕೆ ಬಿಟ್ಟು, ಕೈ ತೊಳೆದುಕೊಂಡೆ.